ಕೆಂಪು ಚುಕ್ಕೆಯ ಗಾಲಿ

ನಮ್ಮ ಮನೆಯಲ್ಲಿ ಕೆಂಪು ಚುಕ್ಕೆ ಇಲ್ಲದ ಸ್ಕ್ರೂ ಸಿಗುವುದಿಲ್ಲ. ಕುಕ್ಕರಿನ ಹಿಡಿ, ಫ್ಯಾನಿನ ರೆಕ್ಕೆ, ಮಿಕ್ಸಿಯ ಬುಡ, ಮಂಚದ ಕಾಲು, ಕೊನೆಗೆ ನನ್ನ ಕನ್ನಡಕದ ಕೀಲು, ಎಲ್ಲದರ ಮೇಲೂ ಸಾಸಿವೆ ಕಾಳಿನಷ್ಟು ಕೆಂಪು ಬಣ್ಣ. ನನ್ನ ಗಂಡ ಬಾಲಾನಗರದ ಕಾರ್ಖಾನೆಯೊಂದರಲ್ಲಿ ವಿಮಾನದ ಉಪಕರಣಗಳ ತಪಾಸಣೆ ಮಾಡುವವರು. ಅಲ್ಲಿ ಸ್ಕ್ರೂ ಬಿಗಿ ಮಾಡಿದ ಮೇಲೆ ಅದು ಅಲುಗದಂತೆ ಒಂದು ಹನಿ ಅಂಟು ಬಿಟ್ಟು, ಮೇಲೊಂದು ಕೆಂಪು ಚುಕ್ಕೆ ಇಡುತ್ತಾರೆ. ಇದನ್ನು ನೋಡಿಯಾಗಿದೆ, ಇನ್ನು ಯಾರೂ ಮುಟ್ಟಬೇಡಿ ಎಂದು ಅದರ ಅರ್ಥ. ಆ ಚುಕ್ಕೆಯನ್ನು ಇವರು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಬರಬೇಕಿತ್ತು, ಬರಲಿಲ್ಲ. ಮನೆಯ ಸಾಮಾನಿಗೆ ಬರೀ ಬಣ್ಣ, ಅಂಟು ಇಲ್ಲ ಎಂಬ ಒಂದೇ ಸಮಾಧಾನದ ಮೇಲೆ ನಾನು ಇಷ್ಟು ವರ್ಷ ಸುಮ್ಮನಿದ್ದೆ.

ನನ್ನ ಕೆಲಸ ಇದಕ್ಕೆ ಉಲ್ಟಾ. ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ನಾನು ದಿನವಿಡೀ ಮಾತ್ರೆಗಳನ್ನು ಮುರಿಯುತ್ತೇನೆ. ಎಷ್ಟು ಒತ್ತಿದರೆ ಒಡೆಯುತ್ತದೆ, ನೀರಿನಲ್ಲಿ ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ನೋಡುವುದು ನನ್ನ ಹೊಟ್ಟೆಪಾಡು. ಡಬ್ಬಿಯಲ್ಲಿ ಪುಡಿಯಾಗುವ ಮಾತ್ರೆಯನ್ನು ವಾಪಸ್ ಕಳಿಸುತ್ತೇವೆ, ಹೊಟ್ಟೆಯಲ್ಲಿ ಕರಗದ ಮಾತ್ರೆಯನ್ನೂ ವಾಪಸ್ ಕಳಿಸುತ್ತೇವೆ. ಇದನ್ನು ಗಂಡನಿಗೆ ಎಷ್ಟೋ ಸಲ ವಿವರಿಸಿದ್ದೇನೆ. ಅವರು ತಲೆ ಆಡಿಸಿ, ಎದ್ದು ಹೋಗಿ, ಯಾವುದಾದರೂ ಸ್ಕ್ರೂ ಬಿಗಿ ಮಾಡುತ್ತಾರೆ.

ನಲವತ್ತು ದಾಟಿದ ಮೇಲೆ ನಾನು ಸೈಕಲ್ ಕೊಂಡೆ. ತೆಳ್ಳನೆ ಟೈರಿನ, ಬಾಗಿದ ಹ್ಯಾಂಡಲ್ಲಿನ, ರಸ್ತೆಯಲ್ಲಿ ದೂರ ಹೋಗುವುದಕ್ಕೆಂದೇ ಮಾಡಿದ ರೋಡ್ ಬೈಕು. ಭಾನುವಾರ ಬೆಳಿಗ್ಗೆ ಮೇಡ್ಚಲ್ ಕಡೆಗೋ ಶಾಮೀರ್‌ಪೇಟೆ ಕಡೆಗೋ ಹೋಗಿ ಇಡ್ಲಿ ತಿಂದು ಬರುವ ಗುಂಪೊಂದಿತ್ತು, ಅದರಲ್ಲಿ ಸೇರಿಕೊಂಡೆ. ಆದರೆ ನನ್ನ ಮನಸ್ಸಿನಲ್ಲಿ ಇಡ್ಲಿ ಇರಲಿಲ್ಲ, ಬೀದರ್ ಇತ್ತು. ಬೀದರಿನಲ್ಲಿ ನಮ್ಮ ಅಕ್ಕ ಇದ್ದಾಳೆ. ಅಪ್ಪ ಅವ್ವ ಹೋದ ಮೇಲೆ ಅವಳ ಮನೆಯೇ ನನಗೆ ತವರು.

ನಮ್ಮ ಕಡೆ ಹೆಣ್ಣುಮಗಳು ತವರಿಗೆ ತಾನಾಗಿ ಹೋಗುವುದಿಲ್ಲ. ಯಾರಾದರೂ ಬಂದು ಕರೆದುಕೊಂಡು ಹೋಗಬೇಕು, ಇಲ್ಲವೇ ಗಂಡ ತಂದು ಬಿಟ್ಟು ಹೋಗಬೇಕು. ಮೊದಲು ಅಪ್ಪ ಬರುತ್ತಿದ್ದರು, ಆಮೇಲೆ ಭಾವ, ಈಗ ನಮ್ಮವರ ಕಾರು. ನಾನು ಬಾಗಿಲಲ್ಲಿ ನಿಂತರೆ ಅಕ್ಕ ಕೇಳುವ ಮೊದಲ ಮಾತು, ಯಾರು ತಂದು ಬಿಟ್ಟರು ಎಂದು. ನಾನೇನು ಅಕ್ಕಿ ಮೂಟೆಯೇ? ನನ್ನ ಅನ್ನ ನಾನು ದುಡಿದು ತಿನ್ನುತ್ತಿದ್ದೇನೆ, ಕೈ ಕೆಳಗೆ ಹನ್ನೆರಡು ಜನ ಇದ್ದಾರೆ, ಆದರೂ ಇಷ್ಟು ವಯಸ್ಸಾದರೂ ಒಂದು ಸಲವೂ ಆ ಬಾಗಿಲಿಗೆ ಒಬ್ಬಳೇ ಹೋಗಿ ನಿಂತಿರಲಿಲ್ಲ. ಸೈಕಲ್ಲಿನ ಮೇಲೆ ನಾನೇ ಹೋಗಿ ನಿಲ್ಲಬೇಕು, ನಾನೇ ಬಂದೆ ಅನ್ನಬೇಕು. ಅಷ್ಟೇ ನನಗೆ ಬೇಕಿದ್ದದ್ದು.

ಮೊದಲನೇ ಸಲ ಸದಾಶಿವಪೇಟೆ ದಾಟುವುದರೊಳಗೆ ಹಿಂದಿನ ಗಾಲಿಯಲ್ಲಿ ಟಿಣ್ ಎಂದಿತು. ಸ್ಪೋಕು ಮುರಿದಿತ್ತು. ಸೈಕಲ್ಲಿನ ಜೊತೆಗೆ ಬಂದ ಗಾಲಿಗಳು ನೋಡಲು ಬಹಳ ಚೆಂದ. ಹಿಂದಿನ ಗಾಲಿಗೆ ಇಪ್ಪತ್ತೇ ಸ್ಪೋಕು, ಜೋಡಿ ಜೋಡಿಯಾಗಿ ದೂರ ದೂರ ನಿಂತಿದ್ದವು. ಅಷ್ಟು ಕಡಿಮೆ ಇದ್ದರೆ ಒಂದು ಮುರಿದರೂ ಗಾಲಿ ಸೊಟ್ಟಗಾಗಿ ಬ್ರೇಕಿಗೆ ಉಜ್ಜಿ ತಿರುಗುವುದೇ ನಿಂತುಹೋಗುತ್ತದೆ. ಕಾರು ಬಂತು. ನಮ್ಮವರು ಸೈಕಲ್ಲನ್ನು ಹಿಂದೆ ಹಾಕಿದರು. ಅಷ್ಟು ದೂರ ಬಂದಿದ್ದೇವೆ ಎಂದು ಕಾರಿನಲ್ಲೇ ಬೀದರಿಗೆ ಹೋದೆವು, ಅಕ್ಕ ಬಾಗಿಲಲ್ಲಿ ನಿಂತು, ಬಂದ್ರ್ಯಾ ಇಬ್ಬರೂ, ಛಲೋ ಆಯ್ತು ಎಂದಳು.

ಎರಡನೇ ಸಲ ಜಹೀರಾಬಾದಿನವರೆಗೆ ಮುಟ್ಟಿದ್ದೆ. ಮುರಿದ ಸ್ಪೋಕು ಬದಲಾಯಿಸಿಕೊಂಡೇ ಹೊರಟಿದ್ದೆ, ಈ ಸಲ ಅದರ ಪಕ್ಕದ್ದು ಮುರಿಯಿತು. ಒಂದು ಮುರಿದಾಗ ಅದರ ಭಾರ ಅಕ್ಕಪಕ್ಕದವುಗಳ ಮೇಲೆ ಬಿದ್ದು ಅವೂ ಸೋತಿರುತ್ತವೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಜಹೀರಾಬಾದಿನ ಸೈಕಲ್ ಅಂಗಡಿಯವನು ಆ ಸ್ಪೋಕನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಸಾಮಾನ್ಯ ಸ್ಪೋಕಿನ ತುದಿ ಕೊಕ್ಕೆಯ ಹಾಗೆ ಬಾಗಿರುತ್ತದೆ, ನನ್ನದು ನೆಟ್ಟಗಿತ್ತು. ಇಂಥದ್ದನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ. ಮತ್ತೆ ಕಾರು ಬಂತು. ಅವರು ಅರ್ಧ ದಾರಿಗೆ ಬಂದೇ ಇದ್ದರು ಎಂದು ಆಮೇಲೆ ತಿಳಿಯಿತು. ಗಂಟೆಗೊಮ್ಮೆ ಫೋನ್ ಮಾಡುತ್ತಾ, ಮನೆಗೆ ಬೀಗ ಹಾಕಿ ಬಂದು ಅಲ್ಲೇ ಕಾರಿನಲ್ಲಿ ಕೂತಿದ್ದರಂತೆ. ನನ್ನ ಮೈ ಉರಿದುಹೋಯಿತು. ನನ್ನ ಗಾಲಿ ಮುರಿಯುವುದನ್ನು ಇಷ್ಟು ನಂಬಿಕೆಯಿಂದ ಕಾಯುವವರು ಮನೆಯಲ್ಲೇ ಇದ್ದರೆ ಅದು ಮುರಿಯದೆ ಇನ್ನೇನು ಮಾಡುತ್ತದೆ?

ಗಾಲಿಗಳನ್ನೇ ಬದಲಾಯಿಸುವುದು ಎಂದು ತೀರ್ಮಾನಿಸಿದೆ. ನನಗೆ ಬೇಕಿದ್ದದ್ದು ಬಹಳ ಸೀದಾ. ಮುರಿಯಬಾರದು. ಮುರಿದರೂ ಮಿಕ್ಕ ಸ್ಪೋಕುಗಳು ಎತ್ತಿ ಹಿಡಿದು ನನ್ನನ್ನು ಮುಂದಿನ ಊರಿಗೆ ಮುಟ್ಟಿಸಬೇಕು. ಆ ಊರಿನಲ್ಲಿ ಅದನ್ನು ಸರಿಮಾಡಲು ಬರುವಂತಿರಬೇಕು. ಇದನ್ನು ಭಾನುವಾರದ ಗುಂಪಿನಲ್ಲಿ ಹೇಳಿದೆ, ಹೇಳಬಾರದಿತ್ತು. ಒಬ್ಬರು ಕಾರ್ಬನ್ ಅಂದರು, ಇನ್ನೊಬ್ಬರು ಕಾರ್ಬನ್ ಬಿಸಿಲಿಗೆ ಹಾಳು ಅಂದರು, ಮೂರನೆಯವರು ಗಾಲಿಯ ವಿಷಯ ಬಿಟ್ಟು ನನ್ನ ಸೀಟಿನ ಎತ್ತರ ಸರಿಯಿಲ್ಲ ಎಂದು ಶುರುಮಾಡಿದರು. ಎಲ್ಲರಿಗೂ ನನ್ನ ಗಾಲಿ ಎಷ್ಟು ಬೇಗ ಓಡಬೇಕು ಎಂಬ ಚಿಂತೆ. ಎಷ್ಟು ದಿನ ಬಾಳಬೇಕು ಎಂದು ಕೇಳಿದರೆ, ಬಾಳಿಕೆಗೆ ಬೇಕಾದರೆ ಹಾಲಿನವನ ಸೈಕಲ್ ತಗೊಳ್ಳಿ ಮೇಡಂ ಎಂದು ನಕ್ಕರು. ನಗಲಿ, ಹಾಲಿನವನು ದಿನಾ ಮನೆ ಮುಟ್ಟುತ್ತಾನೆ.

ಗಚ್ಚಿಬೌಲಿ ಕಡೆಯ ದೊಡ್ಡ ಅಂಗಡಿಗೆ ಹೋದೆ. ಒಳಗೆ ಏಸಿ, ಗೋಡೆಯ ತುಂಬ ಗಾಲಿ. ಸರ್ ಅವರ ತೂಕ ಎಷ್ಟು ಎಂದು ಅಲ್ಲಿಯವನು ಕೇಳಿದ. ಸರ್ ಮನೆಯಲ್ಲಿದ್ದಾರೆ, ತುಳಿಯುವವಳು ನಾನು ಎಂದೆ. ಅವನಿಗೆ ಈಗ ತೂಕ ಕೇಳಲು ಸಂಕೋಚ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಮೀಡಿಯಂ ಅಂತ ಇಟ್ಟುಕೊಳ್ಳೋಣವಾ ಮೇಡಂ ಎಂದ. ನಾನು ದಿನವಿಡೀ ಮಿಲಿಗ್ರಾಮಿನಲ್ಲಿ ತೂಗುವವಳು, ನನ್ನ ಮುಂದೆ ಮೀಡಿಯಂ ಅನ್ನುತ್ತಾನೆ. ಎಪ್ಪತ್ತಾರು ಕಿಲೋ, ಬೆನ್ನಿನ ಚೀಲ ಸೇರಿಸಿ ಬರಿ ಎಂದು ಇಡೀ ಅಂಗಡಿಗೆ ಕೇಳುವಂತೆ ಹೇಳಿದೆ. ಅವನು ತೋರಿಸಿದ ಗಾಲಿಗೆ ಮತ್ತೆ ಇಪ್ಪತ್ತೇ ಸ್ಪೋಕು, ಅವೂ ನೆಟ್ಟನೆಯವು, ರಿಮ್ಮಿನ ಕಡೆಯ ಪುಟ್ಟ ನಟ್ಟುಗಳಿಗೆ ನೇರಳೆ ಬಣ್ಣ. ಹಗುರವಾದ ಅಲ್ಯೂಮಿನಿಯಮ್ ನಟ್ಟು ಎಂದು ಹೆಮ್ಮೆಪಟ್ಟುಕೊಂಡ. ಒಂದು ಸ್ಪೋಕು ಮುರಿದರೆ ಎಲ್ಲಿ ಸಿಗುತ್ತದೆ ಎಂದೆ. ಆರ್ಡರ್ ಹಾಕಿದರೆ ಬರುತ್ತದೆ ಎಂದ. ಜಹೀರಾಬಾದಿನಲ್ಲಿ ಸಿಗುತ್ತದೆಯೇ ಎಂದೆ. ಅವನು ನನ್ನನ್ನು ನೋಡಿದ ನೋಟಕ್ಕೆ ಅಲ್ಲಿಂದ ಎದ್ದು ಬಂದೆ.

ಆಮೇಲೆ ನಾನೇ ಓದಿಕೊಂಡೆ. ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಹಾಲು ಉಕ್ಕಿಸಿಕೊಂಡು ಓದಿದೆ. ಓದಿದಷ್ಟೂ ತಲೆ ಚಿಟ್ಟು ಹಿಡಿಯಿತು, ಯಾಕೆಂದರೆ ಒಬ್ಬ ಬರೆದದ್ದನ್ನು ಇನ್ನೊಬ್ಬ ಹುಚ್ಚುತನ ಅನ್ನುತ್ತಿದ್ದ. ಆದರೂ ಜಗಳಗಳ ಅಡಿಯಲ್ಲಿ ಒಂದಿಷ್ಟು ತಿಳಿಯಿತು. ನನ್ನಂಥವಳಿಗೆ ಮೂವತ್ತೆರಡು ಸ್ಪೋಕು ಬೇಕು. ಅವು ತುದಿಯಲ್ಲಿ ಬಾಗಿದ ಸಾಮಾನ್ಯ ಸ್ಟೀಲ್ ಸ್ಪೋಕುಗಳಾಗಿರಬೇಕು, ಒಂದನ್ನೊಂದು ಮೂರು ಕಡೆ ದಾಟಿ ಹೆಣೆದಿರಬೇಕು. ನಟ್ಟು ಹಿತ್ತಾಳೆಯದೇ ಆಗಬೇಕು. ರಿಮ್ಮು ಎರಡು ಪದರದ್ದು, ಸ್ವಲ್ಪ ಅಗಲ, ದಪ್ಪನೆಯ ಟೈರು ಕೂರುವಂಥದ್ದು. ನಡುವಿನ ಹಬ್ಬು ಬಿಚ್ಚಿ ಬೇರಿಂಗ್ ಬದಲಾಯಿಸಲು ಬರುವಂಥದ್ದು. ಇಂಥ ಗಾಲಿಯನ್ನು ಯಾವ ಅಂಗಡಿಯ ಗೋಡೆಗೂ ತೂಗುಹಾಕುವುದಿಲ್ಲ, ಕೈಯಲ್ಲಿ ಹೆಣೆಸಬೇಕು.

ಹೆಣೆಯುವವನು ಸಿಕಂದರಾಬಾದಿನಲ್ಲಿ ಸಿಕ್ಕ. ಸ್ಟೇಷನ್ನಿನಿಂದ ಒಳಗೆ ಒಂದು ಗಲ್ಲಿಯಲ್ಲಿ ಅಂಗಡಿ, ಬಾಯಿ ತುಂಬ ಪಾನು, ಮುಖದ ತುಂಬ ಬೇಸರ. ನಾನು ಹೇಳಿದ್ದನ್ನೆಲ್ಲ ಕೇಳಿ, ಪರ್ಸೋಂ ಬನ್ನಿ ಎಂದ. ಹೈದರಾಬಾದಿನಲ್ಲಿ ಪರ್ಸೋಂ ಅಂದರೆ ನಾಡಿದ್ದೂ ಆಗಬಹುದು, ಉಗಾದಿಯೂ ಆಗಬಹುದು. ಹೋದಾಗಲೆಲ್ಲ ರಿಮ್ಮು ಬಂದಿದೆ ಸ್ಪೋಕು ಬಂದಿಲ್ಲ, ಸ್ಪೋಕು ಬಂದಿದೆ ಅಳತೆ ಒಂದೆಳೆ ಉದ್ದ, ಅಳತೆ ಸರಿಯಾಗಿದೆ ಅವನ ಭಾಮೈದನ ಮದುವೆ. ಬಾಲಾನಗರದಿಂದ ಅಲ್ಲಿಗೆ ಟ್ರಾಫಿಕ್ಕಿನಲ್ಲಿ ಹೋಗಿ ಬರುವಷ್ಟರಲ್ಲಿ ಅರ್ಧ ಬೀದರ್ ಮುಟ್ಟಬಹುದಿತ್ತು. ಮಳೆಗಾಲ ಮುಗಿದು, ದಸರೆ ಹೋಗಿ, ದೀಪಾವಳಿಯ ಪಟಾಕಿ ಸದ್ದು ನಿಂತ ಮೇಲೆ ಗಾಲಿಗಳು ಕೈಗೆ ಬಂದವು.

ನಿಜ ಹೇಳುತ್ತೇನೆ, ಒಳ್ಳೆಯ ಗಾಲಿಗಳು. ಕಪ್ಪು ರಿಮ್ಮು, ಬೆಳ್ಳನೆ ಸ್ಪೋಕು, ಯಾವ ಬಣ್ಣ ಬೆಡಗೂ ಇಲ್ಲ. ಕೈಯಲ್ಲಿ ಹಿಡಿದು ತಿರುಗಿಸಿದರೆ ಕಣ್ಣಿಗೆ ಕಾಣುವಷ್ಟು ಅಲುಗುತ್ತಿರಲಿಲ್ಲ. ಅಂಗಡಿಯವನು ಒಂದು ಮಾತು ಹೇಳಿದ. ಹೊಸದಾಗಿ ಹೆಣೆದ ಗಾಲಿಯಲ್ಲಿ ಸ್ಪೋಕುಗಳು ಕೂರಬೇಕು, ಅಲ್ಲಿಯವರೆಗೆ ಒಂದೆರಡು ಸಡಿಲಾಗುತ್ತವೆ, ನಾಲ್ಕಾರು ಸವಾರಿ ಮಾಡಿ ತನ್ನಿ, ಬೆಂಡು ತೆಗೆದು ಬಿಗಿ ಮಾಡಿಕೊಡುತ್ತೇನೆ, ಆಮೇಲೆ ವರ್ಷಗಟ್ಟಲೆ ನೋಡಬೇಕಿಲ್ಲ ಎಂದ. ನಾನು ಇದನ್ನು ಮನೆಗೆ ಬಂದು ಊಟಕ್ಕೆ ಕೂತಾಗ ಹಾಗೇ ಹೇಳಿದೆ. ನಮ್ಮವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ, ಸಡ್ಲ ಆಗ್ತಾವ ಅಂದನಾ ಎಂದು ಕೇಳಿದರು. ಹೌದು ಎಂದೆ. ಹೊಸಾ ಗಾಲಿ, ಸಡ್ಲ ಆಗ್ತಾವ ಎಂದು ಇನ್ನೊಮ್ಮೆ ತಮಗೆ ತಾವೇ ಅಂದುಕೊಂಡರು. ನಾನು ಅವರ ತಟ್ಟೆಗೆ ಪಲ್ಯ ಬಡಿಸಿ ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಮರುವಾರ ನಾನು ಕಾರ್ಖಾನೆಯಿಂದ ಬರುವಷ್ಟರಲ್ಲಿ ಗಾಲಿಗಳ ಪ್ರತಿ ನಟ್ಟಿನ ಮೇಲೂ ಒಂದೊಂದು ಕೆಂಪು ಚುಕ್ಕೆ. ಸಾಲಾಗಿ, ಒಂದೇ ಅಳತೆಯಲ್ಲಿ, ಒಂದೂ ಚೆಲ್ಲದೆ. ನನಗೆ ನಗು ಬಂತು. ಅವರಿಗೂ ಗಾಲಿಯ ಮೇಲೆ ಪ್ರೀತಿ ಬಂದಿದೆ ಎಂದುಕೊಂಡೆ. ಚೆಂದ ಕಾಣಸ್ತದರಿ ಎಂದು ಹೊಗಳಿಯೂ ಬಿಟ್ಟೆ. ಅವರು ಖುಷಿಯಿಂದ ಟಿವಿ ಸದ್ದು ಸ್ವಲ್ಪ ಹೆಚ್ಚು ಮಾಡಿದರು.

ನಾಲ್ಕಾರು ಸವಾರಿ ಆಯಿತು. ಅಂಗಡಿಯವನು ಹೇಳಿದ್ದಂತೆಯೇ ಹಿಂದಿನ ಗಾಲಿ ಒಂದು ಕಡೆ ತುಸು ಓಲಾಡಲು ಶುರುವಾಯಿತು. ಸಿಕಂದರಾಬಾದಿಗೆ ಒಯ್ದೆ. ಅವನು ಪುಟ್ಟ ಕೀಲಿಯನ್ನು ನಟ್ಟಿಗೆ ಕೂರಿಸಿ ತಿರುಗಿಸಿದ, ತಿರುಗಲಿಲ್ಲ. ಜೋರು ಹಾಕಿದ. ಕೀಲಿ ಜಾರಿ ಹಿತ್ತಾಳೆಯ ಮೂಲೆಗಳು ಸವೆದುಹೋದವು. ಇನ್ನೊಂದು ನಟ್ಟು, ಅದೂ ಹಾಗೇ. ಮೂರನೆಯದರಲ್ಲಿ ಸ್ಪೋಕೇ ಹುರಿಯ ಹಾಗೆ ತಿರುಚಿಕೊಂಡು ಮುರಿಯಿತು. ಅವನು ಪಾನು ಉಗುಳಿ ಬಂದು, ಇದಕ್ಕೆ ಏನು ಹಾಕಿದ್ದೀರಿ ಎಂದು ಕೇಳಿದ. ಏನೂ ಇಲ್ಲ, ಬರೀ ಬಣ್ಣ ಎಂದೆ. ಅವನು ಉಗುರಿನಿಂದ ಚುಕ್ಕೆಯನ್ನು ಕೆರೆದು ತೋರಿಸಿದ. ಬಣ್ಣದ ಅಡಿಯಲ್ಲಿ ಗಾಜಿನಂತೆ ಗಟ್ಟಿಯಾದ ಅಂಟು ಇತ್ತು.

ಆ ಕ್ಷಣ ನನಗೆ ಆದ ಸಿಟ್ಟನ್ನು ಈಗಲೂ ಸರಿಯಾಗಿ ಹೇಳಲಾರೆ. ಅಷ್ಟು ತಿಂಗಳು ಅಲೆದು, ಎಲ್ಲರ ನಗೆ ತಿಂದು, ಒಂದೊಂದು ಭಾಗವನ್ನೂ ನೋಡಿ ನೋಡಿ ಆರಿಸಿದ್ದೆ. ಅದನ್ನು ನನ್ನ ಮನೆಯ ಮನುಷ್ಯನೇ ಒಂದು ಮಧ್ಯಾಹ್ನ ಸ್ಟೂಲಿನ ಮೇಲೆ ಕೂತು, ಒಂದು ಹನಿಯೂ ಚೆಲ್ಲದಂತೆ, ಹಾಳು ಮಾಡಿದ್ದರು. ಅಂಗಡಿಯವನು ನನ್ನ ಮೇಲೆಯೇ ರೇಗಿದ. ತಾನು ಮಾಡಿದ ಕೆಲಸವನ್ನು ಕೆಡಿಸಿ ತಂದಿದ್ದೇನಂತೆ. ಒಂದು ಹಿಡಿ ಸ್ಪೋಕು, ನಟ್ಟು, ಆ ಪುಟ್ಟ ಕೀಲಿಯನ್ನೂ ಕಾಗದದಲ್ಲಿ ಸುತ್ತಿ ನನ್ನ ಕೈಗೆ ತುರುಕಿ, ಇನ್ನು ನೀವೇ ಮಾಡಿಕೊಳ್ಳಿ, ನನ್ನ ಹತ್ತಿರ ತರಬೇಡಿ ಎಂದು ಕೈ ಮುಗಿದ. ನಾನು ಗಾಲಿಯನ್ನು ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮನೆಗೆ ಬಂದೆ.

ಬಾಯಿಗೆ ಬಂದ ಹಾಗೆ ಬೈದೆ. ಅವರು ಮೊದಲು ಒಪ್ಪಲೇ ಇಲ್ಲ. ತಪ್ಪು ಅಂಗಡಿಯವನದು, ಸರಿಯಾಗಿ ಬಿಗಿ ಮಾಡಿದ್ದರೆ ಮತ್ತೆ ತಿರುಗಿಸುವ ಪ್ರಮೇಯವೇ ಬರುತ್ತಿರಲಿಲ್ಲ, ವಿಮಾನದಲ್ಲಿ ಹೀಗೆ ಹಚ್ಚಿದ ಸ್ಕ್ರೂ ಎಷ್ಟು ಅದುರಿದರೂ ಕದಲುವುದಿಲ್ಲ ಎಂದರು. ಇದು ವಿಮಾನ ಅಲ್ಲ ಎಂದೆ. ಅದು ಅವರಿಗೂ ಗೊತ್ತಿತ್ತಂತೆ. ಗೊತ್ತಿದ್ದರೆ ಯಾಕೆ ಹಚ್ಚಿದಿರಿ, ಮನೆಯ ಬೇರೆ ಯಾವುದಕ್ಕೂ ಅಂಟು ಹಚ್ಚಿಲ್ಲ, ಇದಕ್ಕೇ ಯಾಕೆ ಎಂದು ಕೇಳಿದೆ. ಅವರು ಎದ್ದು ವರಾಂಡಕ್ಕೆ ಹೋದರು. ಆ ವಾರ ಮನೆಯಲ್ಲಿ ಉಪ್ಪು, ಹಾಲು, ಕರೆಂಟು ಬಿಲ್ಲು ಬಿಟ್ಟರೆ ಬೇರೆ ಮಾತಿರಲಿಲ್ಲ. ನಾನು ಪ್ರಯೋಗಶಾಲೆಯಲ್ಲಿ ಮಾತ್ರೆಗಳನ್ನು ಮುರಿಯುವಾಗ ಅಗತ್ಯಕ್ಕಿಂತ ಹೆಚ್ಚು ಸಂತೋಷಪಟ್ಟೆ.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಅವರು ವರಾಂಡದಲ್ಲಿ ಚಾಪೆ ಹಾಸಿ, ಹಿಂದಿನ ಗಾಲಿಯ ಟೈರು ಟ್ಯೂಬು ಕಳಚಿ, ಬೆಸುಗೆ ಹಾಕುವ ಕರೆಂಟಿನ ಕಡ್ಡಿಯನ್ನು ಕಾಯಿಸಿಕೊಂಡು ಕೂತಿದ್ದರು. ಆ ಅಂಟು ಕಾದರೆ ಮೆತ್ತಗಾಗುತ್ತದೆ. ನಾನು ಕೀಲಿ ತಂದು ಎದುರಿಗೆ ಕೂತೆ. ಅವರು ಒಂದೊಂದು ನಟ್ಟಿಗೂ ಬಿಸಿ ಕಡ್ಡಿಯನ್ನು ಒತ್ತಿ ಹಿಡಿಯುವುದು, ಸುಟ್ಟ ವಾಸನೆ ಬಂದ ಮೇಲೆ ನಾನು ಕೀಲಿ ಹಾಕಿ ತಿರುಗಿಸುವುದು. ಕೆಲವು ಬಂದವು, ಕೆಲವು ಬರಲಿಲ್ಲ, ಬಾರದವನ್ನು ಕತ್ತರಿಸಿ ಅಂಗಡಿಯವನು ತುರುಕಿದ್ದ ಸ್ಪೋಕು ಹಾಕಿದೆವು. ಪಕ್ಕದ ಕ್ವಾರ್ಟರ್ಸಿನ ಆಂಧ್ರದಮ್ಮ ಬಟ್ಟೆ ಒಣಹಾಕುತ್ತಾ ಬಗ್ಗಿ ನೋಡಿ, ಏಮಿ ವಂಡುತುನ್ನಾರು ಎಂದು, ಏನು ಅಡುಗೆ ಮಾಡುತ್ತಿದ್ದೀರಿ ಎಂದು ಕೇಳಿ ಹೋದಳು.

ಅರ್ಧ ಗಾಲಿ ಮುಗಿದ ಮೇಲೆ ಅವರು ತಲೆ ಎತ್ತದೆ ಹೇಳಿದರು. "ನೀ ಆ ಹೈವೇಕ ಹ್ವಾದಾಗ ನನ್ನ ಕೈಯಾಗ ಏನೂ ಇರಂಗಿಲ್ಲ. ಲಾರಿ ನನ್ನ ಕೈಯಾಗ ಇಲ್ಲ, ರಸ್ತೆ ಇಲ್ಲ, ನೀ ಅಂತೂ ಇಲ್ಲವೇ ಇಲ್ಲ. ಇದೊಂದು ಗಾಲಿ ಮನ್ಯಾಗ ನನ್ನ ಮುಂದ ಇತ್ತು. ಅದಕ್ಕ ಹಚ್ಚಿದೆ."

ನನಗೆ ಕರುಣೆ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು, ಯಾಕೆಂದರೆ ಈ ಮನುಷ್ಯನ ಭಯಕ್ಕೆ ಪ್ರತಿ ಸಲವೂ ನನ್ನದೇ ಏನಾದರೊಂದು ಗಟ್ಟಿಯಾಗಿ ಅಂಟಿಕೊಳ್ಳಬೇಕು. "ಸಡ್ಲ ಆದ್ರ ನಾ ಬಿಗಿ ಮಾಡ್ಕೋತೀನ್ರಿ" ಎಂದೆ. "ಬಿಚ್ಚಲಿಕ್ಕೇ ಬರದಂಗ ಮಾಡಿದ್ರ ನಾ ರಸ್ತಾದಾಗ ಕೂತು ನಿಮ್ಮ ದಾರಿ ಕಾಯಬೇಕಾಗ್ತದ. ಅದೇ ಬೇಕೇನ್ರಿ ನಿಮಗ?"

ಅವರು ಬಿಸಿ ಕಡ್ಡಿಯನ್ನು ಮುಂದಿನ ನಟ್ಟಿಗೆ ಇಟ್ಟರು.

ಗಾಲಿ ನೆಟ್ಟಗಾಗಲು ಮತ್ತೆ ಎರಡು ಭಾನುವಾರ ಹಿಡಿಯಿತು. ಸೈಕಲ್ಲನ್ನು ತಲೆಕೆಳಗು ಮಾಡಿ, ಗಾಲಿ ತಿರುಗಿಸಿ, ಬ್ರೇಕಿನ ರಬ್ಬರಿಗೆ ಎಲ್ಲಿ ಉಜ್ಜುತ್ತದೆ ನೋಡಿ, ಅಲ್ಲಿ ಕಾಲು ಸುತ್ತು ಬಿಗಿ, ಎದುರಿನದು ಕಾಲು ಸುತ್ತು ಸಡಿಲ. ಸ್ಪೋಕುಗಳನ್ನು ಬೆರಳಿನಿಂದ ಮೀಟಿ ಸದ್ದು ಒಂದೇ ಬರುತ್ತದೆಯೇ ಎಂದು ಕೇಳುವುದು. ನಮ್ಮವರಿಗೆ ಇದನ್ನು ನೋಡಲು ಆಗುತ್ತಿರಲಿಲ್ಲ. ಎಷ್ಟು ಬಿಗಿ ಎಂದು ಒಂದು ಸಂಖ್ಯೆ ಇಲ್ಲವೇ, ಕಿವಿಯಲ್ಲಿ ಹೇಗೆ ತಪಾಸಣೆ ಮಾಡುವುದು ಎಂದು ಒದ್ದಾಡುತ್ತಿದ್ದರು. ನಾನು ಮೊದಲ ಸಲ ಗಾಲಿಯನ್ನು ಮೊಟ್ಟೆಯ ಆಕಾರ ಮಾಡಿಟ್ಟೆ, ಸಿಟ್ಟಿನಲ್ಲಿ ಕೀಲಿಯನ್ನು ಎಸೆದು, ಆಮೇಲೆ ಮಂಚದ ಕೆಳಗಿಂದ ಹುಡುಕಿ ತಂದೆ. ಕೊನೆಗೆ ಅದು ಉಜ್ಜದೆ ತಿರುಗಿತು. ಅವರು ಬಣ್ಣದ ಬಾಟಲಿ ಹಿಡಿದು ಹತ್ತಿರ ಬಂದರು. ನಾನು ನೋಡಿದ ನೋಟಕ್ಕೆ ಹಾಗೇ ಒಳಗೆ ಹೋದರು.

ಚಳಿ ಬಿದ್ದ ಮೇಲೆ ಮೂರನೇ ಸಲ ಹೊರಟೆ. ಅವರು ಗೇಟಿನವರೆಗೆ ಬಂದು ಟೈರು ಒತ್ತಿ ನೋಡಿದರು, ನೀರಿನ ಬಾಟಲಿ ನೋಡಿದರು, ಹುಷಾರು ಎಂದರು. ಪಟಾನ್‌ಚೆರುವಿನ ಲಾರಿಗಳ ನಡುವೆ ಹಲ್ಲು ಕಚ್ಚಿಕೊಂಡು ದಾಟಿದೆ. ಸಂಗಾರೆಡ್ಡಿಯಲ್ಲಿ ಚಹಾ ಕುಡಿದೆ. ಸದಾಶಿವಪೇಟೆಯಲ್ಲಿ ಮೊದಲನೇ ಸ್ಪೋಕು ಮುರಿದ ಜಾಗ ಬಂದಾಗ ಉಸಿರು ಬಿಗಿಹಿಡಿದು ತುಳಿದೆ, ಗಾಲಿಗೆ ನನ್ನ ಉಸಿರಿನ ಭಾರ ಬೀಳುತ್ತದೆ ಎಂಬ ಹಾಗೆ. ಜಹೀರಾಬಾದಿನಲ್ಲಿ ಆ ಸೈಕಲ್ ಅಂಗಡಿಯ ಮುಂದೆ ನಿಲ್ಲದೆ ಹೋದೆ. ಫೋನ್ ಒಂದು ಸಲವೂ ರಿಂಗಾಗಿರಲಿಲ್ಲ.

ಬೀದರ್ ದಾರಿಗೆ ತಿರುಗಿ ಕಬ್ಬಿನ ಹೊಲಗಳ ನಡುವೆ ಸ್ವಲ್ಪ ದೂರ ಹೋದ ಮೇಲೆ ಹಿಂದೆ ಚರ್ ಚರ್ ಸದ್ದು ಶುರುವಾಯಿತು. ನಿಂತು ನೋಡಿದರೆ ಗಾಲಿ ಒಂದು ಕಡೆ ಬ್ರೇಕಿಗೆ ಉಜ್ಜುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ದುಃಖಕ್ಕಲ್ಲ, ಶುದ್ಧ ಸಿಟ್ಟಿಗೆ. ಬೇವಿನ ಮರದ ಕೆಳಗೆ ಸೈಕಲ್ಲನ್ನು ತಲೆಕೆಳಗು ಮಾಡಿದೆ. ಎರಡು ನಟ್ಟು ಸಡಿಲಾಗಿದ್ದವು, ನಾವು ಹೊಸದಾಗಿ ಹಾಕಿದ್ದ ಸ್ಪೋಕುಗಳವೇ. ಕೀಲಿ ತೆಗೆದು ತಿರುಗಿಸಿದೆ. ತಿರುಗಿದವು. ಗಾಲಿ ಸುತ್ತಿಸಿ ನೋಡಿದೆ, ಇನ್ನೊಂದು ಕಾಲು ಸುತ್ತು ಹಾಕಿದೆ, ಸದ್ದು ನಿಂತಿತು. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ನಿಧಾನ ಮಾಡಿ, ಗಾಡಿಯಾಗ ಬರ್ತೀರೇನ್ರಿ ಅಕ್ಕಾರ ಎಂದು ಕೇಳಿದ. ಬ್ಯಾಡ್ರಿ, ಆಯ್ತು ಎಂದೆ. ಕೈ ಒರೆಸಿಕೊಂಡು ಫೋನ್ ನೋಡಿದೆ. ಅವರದು ಒಂದೂ ಕರೆ ಇಲ್ಲ. ಗಂಟೆಗೊಮ್ಮೆ ಮಾಡಿದಾಗ ಉರಿದಿದ್ದವಳಿಗೆ ಈಗ ಮಾಡದಿದ್ದಕ್ಕೂ ಉರಿಯಿತು. ಇಷ್ಟು ಗಂಟೆಯಲ್ಲಿ ನಾನು ಲಾರಿಯ ಅಡಿಯಲ್ಲಿ ಬಿದ್ದಿದ್ದರೂ ಇವರಿಗೆ ಗೊತ್ತಾಗುತ್ತಿರಲಿಲ್ಲ ಎಂದುಕೊಂಡು, ಆ ಸಿಟ್ಟಿನಲ್ಲೇ ಉಳಿದ ಏರನ್ನೆಲ್ಲ ಹತ್ತಿದೆ.

ಕೆಂಪು ಮಣ್ಣು ಬಂತು, ಬೀದರ್ ಬಂತು. ಅಕ್ಕನ ಮನೆಯ ಗೇಟಿನಲ್ಲಿ ಇಳಿದು ಸೈಕಲ್ಲನ್ನು ಬಾಗಿಲವರೆಗೆ ತಳ್ಳಿಕೊಂಡು ಹೋದೆ. ಬೆಲ್ಲು ಒತ್ತಿದೆ. ಅಕ್ಕ ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದಳು. ನನ್ನನ್ನು ನೋಡಿದಳು, ಸೈಕಲ್ಲನ್ನು ನೋಡಿದಳು, ಆಮೇಲೆ ನನ್ನ ಹೆಗಲಿನ ಮೇಲಿಂದ ರಸ್ತೆಯ ಕಡೆ ನೋಡಿದಳು.

"ಯಾರು ತಂದು ಬಿಟ್ರು?" ಎಂದಳು. "ಕಾರ್ ಎಲ್ಲಿ ನಿಲ್ಲಿಸ್ಯಾರ?"

"ನಾನೇ ಬಂದೀನಿ ಅಕ್ಕಾ."

ಅವಳು ಹೂಂ ಎಂದಳು, ನಂಬಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಗೇಟಿನವರೆಗೆ ಹೋಗಿ, ನಮ್ಮವರು ಕಾರನ್ನು ಮೂಲೆಯಲ್ಲೆಲ್ಲೋ ನಿಲ್ಲಿಸಿ ಬರುತ್ತಿದ್ದಾರೆಂದು ಬಗ್ಗಿ ನೋಡತೊಡಗಿದಳು. ಇಷ್ಟು ತಿಂಗಳಿಂದ ನಾನು ಕಾದಿದ್ದ ಮಾತನ್ನು ಆಡಿಯಾಗಿತ್ತು, ಕೇಳುವವಳು ರಸ್ತೆ ನೋಡುತ್ತಿದ್ದಳು. ನನಗೆ ಬಂದ ಕೋಪಕ್ಕೆ ಅಲ್ಲೇ ಮೆಟ್ಟಿಲ ಮೇಲೆ ಕೂತು ನಮ್ಮವರಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

"ಮುಟ್ಟಿದ್ಯಾ?"

"ಮುಟ್ಟೀನ್ರಿ. ಎರಡು ನಟ್ಟು ಸಡ್ಲ ಆಗಿದ್ವು, ಬಿಗಿ ಮಾಡ್ಕೊಂಡು ಬಂದೆ. ಒಂದು ಫೋನರೆ ಮಾಡಬಾರದೇನ್ರಿ? ಗಾಲಿ ನಡು ದಾರಿಯಾಗ ಕೈ ಕೊಟ್ಟಿದ್ರ ಏನು ಮಾಡ್ತಿದ್ರಿ?"

ಆ ಕಡೆ ಅವರು ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

"ಕಾರ್ ಮನ್ಯಾಗ ಇಲ್ಲ" ಎಂದರು. "ನೀ ಹೊಂಟ ಕೂಡ್ಲೇ ಗ್ಯಾರೇಜಿನಾಗ ಬಿಟ್ಟು ಬಂದೆ."

"ಇವತ್ತೇನ್ರಿ? ಇವತ್ತೇ ಬಿಡಬೇಕಾಗಿತ್ತಾ?"

"ಇವತ್ತೇ ಬಿಡಬೇಕಾಗಿತ್ತು. ಮನಿ ಮುಂದ ಇದ್ದಿದ್ರ ನಾ ಹೊಂಟು ಬಂದುಬಿಡ್ತಿದ್ದೆ. ಫೋನ್ ಮಾಡಿದ್ರೂ ಹಂಗ, ನಿನ್ನ ದನಿ ಕೇಳಿದ್ರ ಬಂದುಬಿಡ್ತಿದ್ದೆ."

ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡು ಬಂದಿದ್ದ ಬೈಗುಳ ಬಿಟ್ಟು, ಊಟ ಮಾಡಿದಿರಾ ಎಂದು ಕೇಳಿದೆ. ಈಗ ಮಾಡುತ್ತೇನೆ ಎಂದರು. ಫೋನ್ ಇಟ್ಟು ತಲೆ ಎತ್ತಿದರೆ ಅಕ್ಕ ಇನ್ನೂ ಗೇಟಿನಲ್ಲೇ ಇದ್ದಳು, ಹಿಟ್ಟಿನ ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ಬಿಸಿಲಿನಲ್ಲಿ ರಸ್ತೆ ನೋಡುತ್ತಿದ್ದಳು.

"ಒಳಗ ಬಾ ಅಕ್ಕಾ" ಎಂದೆ. "ಹಿಂದ ಯಾರೂ ಬರ್ಲತ್ತಿಲ್ಲ."